ಶ್ರಾವಣದ ಮೀನು

ಗಂಡ ಶೀಶೆಯ ಮುಂದೆ ಕೂತ ರೀತಿ ನೋಡಿಯೇ ಸೂಗಮ್ಮನಿಗೆ ಮೈ ಉರಿಯಿತು. ಎಪ್ಪತ್ತರ ಹತ್ತಿರ ಬಂದ ಮನುಷ್ಯ, ಮೈಮೇಲೆ ತೂತುಬಿದ್ದ ಬನಿಯನ್, ಹಣೆಗೆ ಆಗಷ್ಟೇ ಬಳಿದ ವಿಭೂತಿ, ಕೊರಳಲ್ಲಿ ಲಿಂಗದ ಕರಡಿಗೆ. ಇಂಥ ಲಿಂಗಣ್ಣ ಪಡಸಾಲೆಯ ಪರಸಿಕಲ್ಲಿನ ನೆಲದ ಮೇಲೆ ಮೊಣಕಾಲೂರಿ, ಹಾರ್ಲಿಕ್ಸ್ ಶೀಶೆಗೆ ಮೂಗು ಹಚ್ಚಿ, ಒಳಗಿದ್ದ ಹೆಣ್ಣು ಮೀನಿಗೆ "ಬಾ ತಾಯಿ, ಮ್ಯಾಲ ಬಾ" ಅನ್ನುತ್ತಿದ್ದ. ಪೂಜೆಗೆ ಕೂತಾಗ ಅವನು ಇಷ್ಟು ಬಗ್ಗಿದ್ದನ್ನು ಅವಳು ಕಂಡಿರಲಿಲ್ಲ. ದೇವರ ಮುಂದೆ ಬೆನ್ನುನೋವು, ಮೀನಿನ ಮುಂದೆ ಬೆನ್ನೇ ಇಲ್ಲ.

"ಸೂಗಮ್ಮ, ಇಲ್ಲಿ ನೋಡ ಬಾ. ಹೊಟ್ಟಿ ಹ್ಯಾಂಗ ತುಂಬ್ಯಾದ ನೋಡು!"

ಅವಳು ಕಸಬರಿಗೆ ಹಿಡಿದೇ ನಿಂತಳು. "ನೋಡೇನ್ರಿ."

"ಎಲ್ಲಿ ನೋಡಿದಿ? ಬಗ್ಗಿ ನೋಡಬೇಕು."

"ನನಗ ಮೊಣಕಾಲು ಬಗ್ಗೂದಿಲ್ಲ. ಮೀನಿನ ಸಲುವಾಗಿ ಅಂತೂ ಬಗ್ಗೂದೇ ಇಲ್ಲ."

"ತತ್ತಿ ಅದಾವ ಬೇ ಹೊಟ್ಯಾಗ! ಇವತ್ತ ಜೋಡಿ ಮಾಡಿಬಿಡಬೇಕು."

ತತ್ತಿ. ಅತ್ತೆ ಬದುಕಿದ್ದಾಗ ಈ ಮನೆಯಲ್ಲಿ ಆ ಶಬ್ದವನ್ನು ಯಾರೂ ಬಾಯಿಂದ ತೆಗೆದವರಲ್ಲ. ಒಮ್ಮೆ ಅಂಗಡಿಗೆ ಬಂದ ಗಿರಾಕಿಯೊಬ್ಬ ತತ್ತಿ ಸಿಗುತ್ತದೆಯೇ ಎಂದು ಕೇಳಿದ್ದಕ್ಕೆ ಆ ಮುದುಕಿ ಹೊಸ್ತಿಲಿಗೆ ನೀರು ಹೊಡೆಸಿದ್ದಳು. ಅವಳ ಮಗ ಈಗ ಅದೇ ಪಡಸಾಲೆಯಲ್ಲಿ ಕೂತು ತತ್ತಿಯ ಹಾದಿ ಕಾಯುತ್ತಿದ್ದಾನೆ. ಮೊಣಕಾಲು ಹಿಡಿದಿದೆಯೆಂದು ರಂಗಂಪೇಟೆಯ ಕಿರಾಣಿ ಅಂಗಡಿಯನ್ನು ತಮ್ಮ ವಿಶ್ವರಾಧ್ಯನಿಗೆ ಬಿಟ್ಟುಕೊಟ್ಟ. ಕೈ ಖಾಲಿಯಾದ ಮೇಲೆ ತಲೆಯೂ ಖಾಲಿಯಾಯಿತು. ಕಣ್ಣು ತೋರಿಸಿಕೊಂಡು ಬರುತ್ತೇನೆಂದು ಯಾದಗಿರಿಗೆ ಹೋದವನು ಔಷಧಿ ಮರೆತು, ಎರಡು ಪ್ಲಾಸ್ಟಿಕ್ ಚೀಲದಲ್ಲಿ ಎರಡು ಫೈಟರ್ ಮೀನು ಹಿಡಿದುಕೊಂಡು ಶಹಾಪುರದ ಬಸ್ಸಿನಿಂದ ಇಳಿದಿದ್ದ. ಬಸ್ಸಿನಲ್ಲಿ ಮಂದಿಯೆಲ್ಲ ಎದ್ದು ಜಾಗ ಕೊಟ್ಟರಂತೆ. ಕೊಟ್ಟಿರಬೇಕು. ಹುಚ್ಚರಿಗೆ ಜಾಗ ಕೊಡುವುದು ಒಳ್ಳೆಯದೇ.

ಗಂಡು ಬೇರೆ ಇತ್ತು, ಕಿಟಕಿಯ ಹತ್ತಿರದ ಗಾಜಿನ ಪೆಟ್ಟಿಗೆಯಲ್ಲಿ. ಕಡುನೀಲಿ ಬಣ್ಣ, ಮೈಗಿಂತ ಬಾಲವೇ ದೊಡ್ಡದು, ರುಮಾಲು ಸುತ್ತಿಸಿಕೊಂಡು ಚಪ್ಪರದಲ್ಲಿ ತಿರುಗುವ ಬೀಗನ ಹಾಗೆ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ತಿರುಗುವುದೇ ಅದರ ಕೆಲಸ. ಲಿಂಗಣ್ಣ ದಾಡಿ ಮಾಡಿಕೊಳ್ಳುವ ಕನ್ನಡಿಯನ್ನು ಅದರ ಮುಂದೆ ಹಿಡಿದರೆ ಕಿವಿರು ಅಗಲಿಸಿ ತನ್ನ ಮುಖದ ಮೇಲೆ ತಾನೇ ಏರಿಹೋಗುತ್ತಿತ್ತು. ಕನ್ನಡಿ ಕಂಡರೆ ಜಗಳ ತೆಗೆಯುವ ಪ್ರಾಣಿ. ಈ ಓಣಿಯ ಗಂಡಸರಿಗೆ ಕನ್ನಡಿಯೂ ಬೇಕಾಗುವುದಿಲ್ಲ ಎಂದುಕೊಂಡಳು ಸೂಗಮ್ಮ. ಲಿಂಗಣ್ಣ ಶಾಲೆಯ ಕಾಂಪೌಂಡಿನಿಂದ ಬಾದಾಮಿ ಗಿಡದ ಒಣಗಿದ ಎಲೆ ಆಯ್ದು ತಂದು ನೀರಿಗೆ ಹಾಕಿದ್ದ. ನೀರು ಚಹದ ಬಣ್ಣಕ್ಕೆ ತಿರುಗಿತ್ತು. ಆ ನೀರಿನ ಮೇಲೆ ಗಂಡು ಎರಡು ದಿನದಿಂದ ಉಗುಳು ಉಗುಳಿ ನೊರೆಯ ಗೂಡು ಕಟ್ಟುತ್ತಿತ್ತು. "ತೊಟ್ಟಲಾ ಕಟ್ಟಾಕತ್ತದ," ಅಂದಿದ್ದ ಲಿಂಗಣ್ಣ. ಉಗುಳಿನ ತೊಟ್ಟಿಲು.

ಅವನು ಯಾದಗಿರಿಯ ಮೀನಿನ ಅಂಗಡಿಯ ಸೊಹೇಲನಿಗೆ ಫೋನು ಹಚ್ಚಿದ. ಕಿವಿ ಮಂದ, ಅದಕ್ಕೆ ಸ್ಪೀಕರು. ಓಣಿಗೆಲ್ಲ ಕೇಳುವ ಹಾಗೆ ಸೊಹೇಲ್ ಮಾತಾಡಿದ. "ಚಾಚಾ, ಹೊಟ್ಟಿ ಗುಂಡಗ ಆಗ್ಯಾದಲ್ಲಾ? ಹಂಗಾದ್ರ ತಡಾ ಮಾಡಬ್ಯಾಡ್ರಿ. ಮೊದಲ ಹೆಣ್ಣಿಗೆ ಕಂದೀಲಿನ ಕಾಚ್ ಒಳಗ ಇಟ್ಟು, ಆ ಕಾಚ್ ಗಂಡಿನ ಪೆಟಿಗ್ಯಾಗ ಇಡ್ರಿ. ಒಂದಕ್ಕೊಂದು ನೋಡಿ ಹದಕ್ಕ ಬಂದ ಮ್ಯಾಲ ಕಾಚ್ ಎತ್ತರಿ. ಸೀದಾ ಬಿಟ್ರ ಗಂಡು ಹರದು ಹಾಕ್ತದ. ತತ್ತಿ ಇಟ್ಟಿಂದ ಹೆಣ್ಣು ತಗೀಬೇಕು, ಇಲ್ಲಾಂದ್ರ ಆವಾಗೂ ಹರೀತದ. ಮರಿ ಈಜಾಕ ಹತ್ತಿಂದ ಗಂಡಿಗೂ ತಗೀರಿ, ಮರಿ ತಿಂತದ. ಖಾನಾ ಏನ್ ಹಾಕಾಕತ್ತೀರಿ?"

"ನೀ ಕೊಟ್ಟಿದ್ದೇ ಹಾಕಾಕತ್ತೇನಪ. ಎಲ್ಲ ಬರೋಬ್ಬರಿ ಅದ."

ಸೂಗಮ್ಮ ಕಸಬರಿಗೆ ನಿಲ್ಲಿಸಿದಳು. ಸೊಹೇಲ್ ಕೊಟ್ಟ ಡಬ್ಬಿ ಶ್ರಾವಣ ಹುಟ್ಟಿದಂದಿನಿಂದ ಅಟ್ಟದ ಮೇಲಿತ್ತು. ಅದು ಹುಳ ಒಣಗಿಸಿ ಮಾಡಿದ ಕಾಳು. ಶ್ರಾವಣದಲ್ಲಿ ಲಿಂಗವಂತರ ಮನೆಯಲ್ಲಿ ಅದನ್ನು ಹೇಗೆ ಮುಟ್ಟುವುದು ಎಂದು ಲಿಂಗಣ್ಣನೇ ಅರಿವೆಯಲ್ಲಿ ಸುತ್ತಿ ಇಟ್ಟಿದ್ದ. ಅಂದಿನಿಂದ ಮೀನುಗಳಿಗೂ ಶ್ರಾವಣ. ಚುರುಮುರಿಯನ್ನು ಅಂಗೈಯಲ್ಲಿ ತಿಕ್ಕಿ ಪುಡಿ ಮಾಡಿ ಉದುರಿಸುತ್ತಿದ್ದ. ಗಂಡು ಬಾಯಿಗೆ ಹಾಕಿಕೊಂಡು ಉಗುಳುತ್ತಿತ್ತು. ಹೆಣ್ಣು ಪಾಪ, ಹಸಿದದ್ದು, ಸಿಕ್ಕಷ್ಟೂ ನುಂಗುತ್ತಿತ್ತು. ಅದನ್ನು ಸೊಹೇಲನಿಗೆ ಹೇಳಲು ಇವನಿಗೆ ನಾಚಿಕೆ. ಎಲ್ಲ ಬರೋಬ್ಬರಿ ಅದ. ಸುಳ್ಳು ಹೇಳುವುದಕ್ಕೂ ಈ ಮನುಷ್ಯನಿಗೆ ಹೊಸ ಮಾತು ಸಿಕ್ಕುವುದಿಲ್ಲ. ಒಂದು ಜನ್ಮಕ್ಕೆ ಒಂದೇ ಸುಳ್ಳು, ಅದನ್ನೇ ಒಗೆದು ಒಗೆದು ಉಡುತ್ತಾನೆ.

"ಮರೀಗೆ ಜೀವ ಇರೂ ಹುಳಾನ ಬೇಕಂತಲ್ಲಾ. ಅದನ್ನೂ ನಮ್ಮ ಹರಿವ್ಯಾಗ ಬೆಳಸ್ತೀರೇನು?" ಎಂದು ಕೇಳಿದಳು.

"ಅವು ತಾವಾ ತಿಂತಾವ. ನಾ ಏನು ತುತ್ತು ಮಾಡಿ ಹಾಕ್ತೇನೇನು?"

ಅವಳಿಗೆ ನಗು ಬಂತು, ನಗಲಿಲ್ಲ. ಹೆತ್ತವಳನ್ನು ಮೊದಲು ತೆಗೆಯಬೇಕು. ಆಮೇಲೆ ಅಪ್ಪನನ್ನು ತೆಗೆಯಬೇಕು. ಮರಿ ದೊಡ್ಡವಾದ ಮೇಲೆ ಒಂದಕ್ಕೊಂದು ಕಚ್ಚಾಡುತ್ತವೆಂದು ಒಂದೊಂದನ್ನೂ ಒಂದೊಂದು ಶೀಶೆಗೆ ಹಾಕಬೇಕು. ಅದಕ್ಕೆಂದೇ ಇವನು ತಮ್ಮನ ಅಂಗಡಿಯಿಂದ ಖಾಲಿ ಶೀಶೆ ತಂದು ದೇವರ ಕೋಣೆಯ ಗೋಡೆಗುಂಟ ಸಾಲು ಹಚ್ಚಿದ್ದಾನೆ. ಮಂದಿ ದೇವರಿಗೆ ನಮಸ್ಕಾರ ಮಾಡಿ ಎದ್ದರೆ ಶೀಶೆ ಉರುಳುತ್ತದೆ. ಇದಕ್ಕೆ ಸಂಸಾರ ಅನ್ನಬೇಕಂತೆ.

ಚಹಾ ಕುಡಿದು ಲಿಂಗಣ್ಣ ಹೊರಗೆ ಹೋದ. ಬರುವಾಗ ಅವನ ಮುಖ ನೋಡಿಯೇ ಅವಳಿಗೆ ತಿಳಿಯಿತು, ಮಂದಿಯನ್ನು ಕರೆದು ಬಂದಿದ್ದಾನೆ. ತಮ್ಮ ವಿಶ್ವರಾಧ್ಯನನ್ನು, ಮಗ್ಗುಲ ಮನೆಯ ಖಾಜಾಮಿಯಾನನ್ನು. "ಸಂಜಿಕ ಬರ್ತಾರ. ಚುರುಮುರಿ ಸುಸಲಾ ಮಾಡಬಿಡು." ಮೀನು ಕೂಡುವುದನ್ನು ನೋಡಲು ಸುಸಲಾ ತಿನ್ನುತ್ತ ಕೂಡುವ ಮಂದಿ. ಇವನ ಬಾಯಿಂದ ಒಂದು ಮಾತು ಹೊರಬಿದ್ದರೆ ಅದನ್ನು ಒಳಗೆ ತಂದುಕೊಳ್ಳುವುದು ಇವನ ವಂಶಕ್ಕೇ ಬಂದದ್ದಲ್ಲ. ಅತ್ತೆಯೂ ಹಾಗೇ. ಹೇಳಿಕಿ ಹೋಗಿಬಿಟ್ಟದ, ಇನ್ನ ಬ್ಯಾಡ ಅನ್ನಾಕ ಬರ್ತದೇನು ಅನ್ನುವುದು ಆಕೆಯ ಕಡೆಯ ಮಾತು. ಅದರ ಮುಂದೆ ಡಾಕ್ಟರೂ ಇಲ್ಲ, ದೇವರೂ ಇಲ್ಲ.

ಮಧ್ಯಾಹ್ನ ರೊಟ್ಟಿ ಬಡಿಯುವಾಗ ವಿಶ್ವರಾಧ್ಯನ ಹೆಂಡತಿ ಕಸ್ತೂರಿ ಬಂದಳು. ಬರುವುದು ಶೇಂಗಾ ಹಿಂಡಿ ಒಯ್ಯುವ ನೆವಕ್ಕೆ, ಕಣ್ಣು ಪಡಸಾಲೆಯ ಕಡೆ. ಮೂರು ಹೆತ್ತವಳು, ಹೊಸ್ತಿಲು ದಾಟುವಾಗ ಆ ಮೂರೂ ಸೊಂಟದ ಮೇಲಿವೆ ಎಂಬಂತೆ ನಡೆಯುತ್ತಾಳೆ, ಹಿರಿಯವನಿಗೆ ಮೀಸೆ ಬಂದು ವರ್ಷಗಳಾದರೂ.

"ಯಕ್ಕಾ, ನಿಮ್ಮ ಮನ್ಯಾಗ ಬಸುರಿ ಅದಾಳಂತಲ್ಲಾ! ಮತ್ತ ಕುಬಸ ಯಾವಾಗ?"

ನಕ್ಕಳು. ನಕ್ಕು ಅರ್ಧಕ್ಕೆ ನಿಲ್ಲಿಸಿ ನಾಲಿಗೆ ಕಚ್ಚಿಕೊಂಡಳು. ನಕ್ಕದ್ದಕ್ಕಿಂತ ಆ ಕಚ್ಚಿಕೊಂಡದ್ದೇ ಸೂಗಮ್ಮನಿಗೆ ನೆಟ್ಟಿತು. ಇವಳು ಈ ಮನೆಗೆ ಬಂದದ್ದು ಎಷ್ಟೋ ವರ್ಷದ ಮೇಲೆ. ಕಣ್ಣಿಂದ ಏನೂ ನೋಡಿದವಳಲ್ಲ. ಹಾಗಾದರೆ ಹೇಳಿದ್ದಾರೆ, ಹೊಸ ಸೊಸೆಗೆ ಮನೆಯ ತಿಜೋರಿ ಕೀಲಿ ತೋರಿಸುವ ಮೊದಲೇ ಅದನ್ನು ತೋರಿಸಿದ್ದಾರೆ. "ಹಿಂಡಿ ಡಬ್ಬಿ ನೆಲವಿನ ಮ್ಯಾಲ ಅದ, ತಗೋ," ಅಂದಳು ಸೂಗಮ್ಮ. ಕೈಯೊಳಗಿನ ರೊಟ್ಟಿ ಅಂಚು ಹರಿದಿತ್ತು. ಹರಿದದ್ದನ್ನೇ ಹಂಚಿಗೆ ಹಾಕಿದಳು.

ಅವಳ ಬಸುರಿನ ಕುಬಸ ಆದದ್ದೂ ಇದೇ ಪಡಸಾಲೆಯಲ್ಲಿ. ಕಿಟಕಿಯ ಹತ್ತಿರ, ಈಗ ಗಾಜಿನ ಪೆಟ್ಟಿಗೆ ಇರುವ ಕಡೆ, ಮಣೆ ಹಾಕಿದ್ದರು. ವಡಗೇರಾದಿಂದ ಅವ್ವ, ಕಾಕಿಯರು, ಬುತ್ತಿ ಹೊತ್ತುಕೊಂಡು ಬಂದಿದ್ದರು: ಹೋಳಿಗೆ, ಕರ್ಚಿಕಾಯಿ, ಸಜ್ಜೆ ರೊಟ್ಟಿ, ಮೊಸರನ್ನ. ಹಸಿರು ಸೀರೆ, ಹಸಿರು ಕುಬಸ, ಮೊಣಕೈ ತನಕ ಹಸಿರು ಬಳೆ. ಬಂದವರೆಲ್ಲ ಉಡಿ ತುಂಬಿದರು, ಹಾಡಿದರು. ಏಳನೆಯ ತಿಂಗಳು. ಅತ್ತೆ ಮಂದಿಯ ಮುಂದೆಯೇ ಹೊಟ್ಟೆಯ ಮೇಲೆ ಕೈಯಿಟ್ಟು, "ಒದಿತದೇನು?" ಎಂದು ಕೇಳಿದಳು. "ಒದಿತದ್ರಿ," ಅಂದಳು ಸೂಗಮ್ಮ. ಮುಂದೆ ಕಲಬುರಗಿಯಲ್ಲಿ ಹೊಟ್ಟೆ ಕೊಯ್ದು ತೆಗೆದದ್ದು ಗಡ್ಡೆ, ಸುಲಿದ ತೆಂಗಿನಕಾಯಿಯಷ್ಟು ದೊಡ್ಡದು. ಅದರ ಸಂಗಡ ಗರ್ಭಚೀಲವನ್ನೂ ತೆಗೆದರು. ಹೊಲಿಗೆ ಮಾಯುವ ಮೊದಲೇ ನಳದ ಕಟ್ಟೆಯಲ್ಲಿ ಮಾತು ಹುಟ್ಟಿತ್ತು: ಲಿಂಗಣ್ಣನ ಹೇಣತಿ ಗಡ್ಡಿಗಿ ಕುಬಸ ಮಾಡಿಸ್ಕೊಂಡಾಳ. ಹೇಳಿದವರಲ್ಲಿ ಅರ್ಧದಷ್ಟು ಮಂದಿ ಅವತ್ತು ಹೋಳಿಗೆ ತಿಂದವರೇ. ಅತ್ತೆ ಇನ್ನೊಂದು ಹೆಣ್ಣು ನೋಡಿದಳು. ಲಿಂಗಣ್ಣ ಒಲ್ಲೆ ಅಂದ. ಯಾಕೆ ಒಲ್ಲೆ ಅಂದನೋ ಎಂದೂ ಹೇಳಲಿಲ್ಲ. ಅದನ್ನು ಉಪಕಾರ ಎಂದು ಒಮ್ಮೆಯಾದರೂ ಆಡಿ ತೋರಿಸಿದ್ದರೆ ಅವನ ಮುಖಕ್ಕೆ ಉಗಿಯಬಹುದಿತ್ತು. ಅಷ್ಟು ಅನುಕೂಲವನ್ನೂ ಮಾಡಿಕೊಟ್ಟವನಲ್ಲ.

ಹೊತ್ತು ಇಳಿಯುವಾಗ ಸುಸಲಾಕ್ಕೆಂದು ಬುಟ್ಟಿಯೊಳಗಿನ ಚುರುಮುರಿಯನ್ನು ನೀರಿಗೆ ಹಾಕಿದಳು. ಹಾಕಿದ ಕೂಡಲೇ ಅದು ನೀರು ಕುಡಿದು, ಮೆತ್ತಗಾಗಿ, ಮುದ್ದೆಯಾಯಿತು. ಹಿಂಡಲು ಕೈಹಾಕಿದವಳು ಹಾಗೇ ಹಿಡಿದುಕೊಂಡು ನಿಂತಳು. ಮುಷ್ಟಿಯೊಳಗೆ ಒಂದು ಉಂಡೆ, ತಣ್ಣಗೆ, ಭಾರ.

ಪಡಸಾಲೆಗೆ ಬಂದಳು. ಲಿಂಗಣ್ಣ ಅಟ್ಟದಲ್ಲಿ ಕಂದೀಲಿನ ಗಾಜು ಹುಡುಕುತ್ತಿದ್ದ. ಗೋಡೆ ಹಿಡಿದು, ಹಲ್ಲು ಕಚ್ಚಿ, ಆ ಮೊಣಕಾಲುಗಳನ್ನು ಬಗ್ಗಿಸಿ ಶೀಶೆಯ ಮುಂದೆ ಕೂತಳು. ಹೆಣ್ಣು ಮೀನು ತಳದಲ್ಲಿ ಒಂದು ಮಗ್ಗುಲಿಗೆ ವಾಲಿ ಬಿದ್ದಿತ್ತು. ಮೇಲೆ ಬರಲು ನೋಡಿತು, ಅರ್ಧ ಬಂತು, ಮತ್ತೆ ಇಳಿಯಿತು. ತುಂಬಿದ ಬಸುರಿಯ ಹೊಟ್ಟೆ ಆಕೆಯನ್ನು ಮುಂದಕ್ಕೆ ಒಯ್ಯುತ್ತದೆ. ಇದು ಕೆಳಕ್ಕೆ ಎಳೆಯುತ್ತಿತ್ತು. ಈ ಎಳೆತ ಅವಳಿಗೆ ಗೊತ್ತು. ಈ ಹೊಟ್ಟೆ ಹೊತ್ತು ಗಂಡಿನ ಬಾಯಿಯಿಂದ ತಪ್ಪಿಸಿಕೊಳ್ಳಲು ಈ ಪ್ರಾಣಿಗೆ ಆಗುವುದಿಲ್ಲ ಎಂಬುದೂ ಗೊತ್ತಾಯಿತು.

ಹೇಳಬೇಕೆ? ಯಾಕೆ ಹೇಳಬೇಕು? ಎತ್ತಲಿ ಗಾಜು. ಆ ನೀಲಿ ಬೀಗ ಬಂದು ಹರಿಯಲಿ. ಮಂದಿ ಸುಸಲಾ ಬಾಯಲ್ಲಿ ಹಿಡಿದು ನೋಡಲಿ. ನಾಳೆ ನಳದ ಕಟ್ಟೆಯಲ್ಲಿ ಒಮ್ಮೆಯಾದರೂ ಇವನ ಹೆಸರು ಹಿಡಿದು ನಗಲಿ. ಅವತ್ತು ಇವನು ಬಾಯಿ ಮುಚ್ಚಿಕೊಂಡಿದ್ದನಲ್ಲ, ಇವತ್ತು ತಾನೂ ಮುಚ್ಚಿಕೊಂಡರೆ ಯಾವ ಶರಣರು ಬಂದು ಕೇಳುತ್ತಾರೆ. ಮಂದಿಗೆ ಹೇಳಿಕೆ ಹೋದ ಮೇಲೆ, ಕುಬಸದ ಹಿಂದಿನ ವಾರ, ಇವನು ಶಹಾಪುರದ ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋಗಿದ್ದ. ತಪಾಸಣೆ ಮುಗಿಸಿ ಡಾಕ್ಟರಮ್ಮ ಹೊರಗೆ ಹೋಗಿ ಇವನಿಗೆ ಹೇಳಿದ್ದಳು: ಕೂಸಿನ ಎದಿ ಬಡಿತ ಸಿಗವಲ್ದು, ಇದು ಕೂಸು ಅನ್ನಸೂದಿಲ್ಲ, ಕಲಬುರಗಿಗೆ ಒಯ್ದು ತೋರಸ್ರಿ. ಪರದೆಯ ಈಚೆ ಸೀರೆ ಸರಿಮಾಡಿಕೊಳ್ಳುತ್ತಿದ್ದ ಸೂಗಮ್ಮನಿಗೆ ಒಂದೊಂದು ಅಕ್ಷರವೂ ಕೇಳಿತ್ತು. ಇವನು ಒಳಗೆ ಬಂದು, "ಎಲ್ಲ ಬರೋಬ್ಬರಿ ಅದ ಅಂತ," ಅಂದ. ಆ ಒಂದು ಮಾತಿಗೆ ಅವಳು ಇವನನ್ನು ಇಷ್ಟು ವರ್ಷ ಹೀನವಾಗಿ ನೋಡಿದ್ದಾಳೆ. ಅವನ ಉಣ್ಣುವ ಬಾಯನ್ನು, ಮಲಗಿದ ಬೆನ್ನನ್ನು. ಆದರೆ ಅತ್ತೆ ಕೇಳಿದಾಗ ಒದಿತದ್ರಿ ಎಂದವಳು ಯಾರು? ಆ ಹಸಿರು ಬಳೆ ಬೇಕಾಗಿತ್ತು. ಒಂದು ದಿನ ಮಣೆಯ ಮೇಲೆ ಕೂತು ಹಾಡಿಸಿಕೊಳ್ಳುವುದು ಬೇಕಾಗಿತ್ತು. ಸುಳ್ಳೆಂದು ಗೊತ್ತಿದ್ದೂ ಕೈ ಚಾಚಿ ಬಳೆ ಇಡಿಸಿಕೊಂಡ ಆ ಹೆಣ್ಣನ್ನು ನೆನೆದರೆ ಕಸ್ತೂರಿಯ ಮೇಲೆ ಬರುವುದಕ್ಕಿಂತ ಹೆಚ್ಚು ಹೇಸಿಗೆ ಬರುತ್ತಿತ್ತು. ತಾನು ಕೇಳಿಸಿಕೊಂಡದ್ದು ಅವನಿಗೆ ಗೊತ್ತಿಲ್ಲ ಎಂಬ ಧೈರ್ಯದ ಮೇಲೆ ಅವಳು ಅವನನ್ನು ಹೀಯಾಳಿಸುತ್ತ ಬದುಕಿದ್ದಳು.

ಮಂದಿ ಬಂತು. ವಿಶ್ವರಾಧ್ಯ ಹೊಟ್ಟೆ ಮುಂದೆ ಮಾಡಿಕೊಂಡು ಕುರ್ಚಿ ತುಂಬ ಕೂತ. ಕಸ್ತೂರಿ ಬಾಗಿಲಿಗೆ ಆತು ನಿಂತಳು. ಖಾಜಾಮಿಯಾ ಪ್ಲೇಟು ಹಿಡಿದ ಕೂಡಲೇ ಸುರು ಮಾಡಿದ: "ಏನೋ ಲಿಂಗಣ್ಣ, ನಿಕಾ ಅಂತ ಕರದು ಬರೇ ಸುಸಲಾದ ಮ್ಯಾಲ ಕೈ ತೊಳಸ್ತೀಯೇನೋ? ಬಿರಿಯಾನಿ ಅಂತೂ ನಿನ್ನ ಕೈಲೆ ಆಗೂದಿಲ್ಲ, ಒಂದ ಬುಂದಿನಾದ್ರೂ?"

"ಶ್ರಾವಣ ಮುಗೀಲೋ ಮಾರಾಯಾ."

"ಶ್ರಾವಣದಾಗ ಲಗ್ನ ಮಾಡಾಕತ್ತೀಯಲ್ಲ, ಮುಹೂರ್ತ ಯಾರ್ ತಗದಾರ, ಯಾದಗೀರ ಸೊಹೇಲೇನು?"

ವಿಶ್ವರಾಧ್ಯ ನಕ್ಕ. "ನಡೀಲಿ ಬಿಡು ಖಾಜಾಭಾಯ್. ಮರಿ ಆದ್ರ ನಮ್ಮ ಅಂಗಡ್ಯಾಗ ಅಕ್ಕಿ ಚೀಲದ ಬಾಜೂಕ ಇಟ್ಟು ಮಾರತೇನಿ. ಅಣ್ಣಗ ಮುಪ್ಪಿನ್ಯಾಗ ಒಂದು ಧಂಧೆ ಆತು."

ಲಿಂಗಣ್ಣ ತಳ ತೆರೆದ ಕಂದೀಲಿನ ಗಾಜನ್ನು ಪೆಟ್ಟಿಗೆಯಲ್ಲಿ ನಿಲ್ಲಿಸಿ, ಹೆಣ್ಣನ್ನು ಅದರೊಳಗೆ ಮೆಲ್ಲಗೆ ಇಳಿಸಿದ. ಗಂಡು ಒಂದು ಗಳಿಗೆ ನಿಂತು ನೋಡಿತು. ಆಮೇಲೆ ಮೈಯೆಲ್ಲ ಅಗಲ ಮಾಡಿ, ಕಿವಿರು ಬಿಚ್ಚಿ, ಗಾಜಿಗೆ ಬಂದು ಬಡಿಯಿತು. ಮತ್ತೆ ಬಡಿಯಿತು. ಒಳಗಿನದು ತಳಕ್ಕೆ ಒರಗಿ ಬಾಯಿ ಮುಚ್ಚಿ ತೆರೆಯುತ್ತಿತ್ತು. ಕಸ್ತೂರಿ ಮುಂದೆ ಬಂದಳು. ಖಾಜಾಮಿಯಾ ತಿನ್ನುವುದನ್ನು ನಿಲ್ಲಿಸಿದ. ಲಿಂಗಣ್ಣನ ಎರಡು ಬೆರಳು ಗಾಜಿನ ಕಂಠ ಹಿಡಿದಿದ್ದವು. ಅವನು ಎತ್ತಲಿಲ್ಲ. ತಿರುಗಿ, ಇಷ್ಟು ಮಂದಿಯೊಳಗೆ ಅಡಿಗೆಮನೆಯ ಬಾಗಿಲಲ್ಲಿ ನಿಂತ ಹೆಂಡತಿಯನ್ನು ಹುಡುಕಿದ.

"ಸೂಗಮ್ಮ, ಎತ್ತಲೇನು?"

ಅಂಗಡಿ ತಮ್ಮನಿಗೆ ಬಿಡುವಾಗ ಕೇಳಲಿಲ್ಲ. ಮೀನು ತರುವಾಗ ಕೇಳಲಿಲ್ಲ. ಈಗ, ಮಂದಿಯ ಮುಂದೆ, ಇದನ್ನು ಕೇಳುತ್ತಾನೆ. ಸುಮ್ಮನಿದ್ದರೆ ಸಾಕಿತ್ತು. ಅವಳ ಬಾಯಿ ಅವಳನ್ನು ಕೇಳಲಿಲ್ಲ.

"ಬ್ಯಾಡ್ರಿ."

"ಯಾಕ?"

"ಅದು ಬಸುರಲ್ಲ. ಚುರುಮುರಿ ತಿಂದು ಹೊಟ್ಟಿ ಕಟ್ಟ್ಯಾದ."

ವಿಶ್ವರಾಧ್ಯ ಪ್ಲೇಟು ಕೆಳಗಿಟ್ಟ. "ವೈನಿ, ಮಂದಿ ಬಂದು ಕೂತದ. ಒಂದ ಸಲ ಎತ್ತಿ ನೋಡ್ಲಿ ಬಿಡ್ರಿ, ಹೋದ್ರ ಮೀನು ಹೋಗ್ತದ."

"ಮಂದಿ ಸುಸಲಾ ತಿಂದು ಮನಿಗಿ ಹೋಗ್ತದ. ಮಂದೀಗೇನು."

"ಅಲ್ಲ ಯಕ್ಕ," ಅಂದಳು ಕಸ್ತೂರಿ, ದನಿಯಲ್ಲಿ ಸಕ್ಕರೆ ಹಚ್ಚಿ, "ಬಸುರು ಹೌದೋ ಅಲ್ಲೋ ಅಂತ ನಿಮಗ ಹ್ಯಾಂಗ ಗೊತ್ತ?"

ಸೂಗಮ್ಮ ಅವಳನ್ನು ನೆಟ್ಟಗೆ ನೋಡಿದಳು. "ಕೂಸು ಇರೂ ಹೊಟ್ಟಿ ಹ್ಯಾಂಗಿರ್ತದ ನನಗ ಗೊತ್ತಿಲ್ಲವ್ವ, ಅದು ನಿನಗ ಗೊತ್ತು. ಇಲ್ಲದ ಹೊಟ್ಟಿ ಹ್ಯಾಂಗಿರ್ತದ ಅನ್ನೂದು ಈ ಓಣ್ಯಾಗ ನನ್ನ ಬಿಟ್ರ ಯಾರಿಗಿ ಗೊತ್ತದ, ಹೇಳು."

ಖಾಜಾಮಿಯಾ ಎದ್ದು, "ನಮಾಜಿಂದು ವ್ಯಾಳ್ಯಾ ಆತು," ಅಂದ. ಆಗಿರಲಿಲ್ಲ. ವಿಶ್ವರಾಧ್ಯ ಅಂಗಡಿ ನೆನೆಸಿಕೊಂಡ. ಕಸ್ತೂರಿ ಪ್ಲೇಟು ಒಳಗೆ ಒಯ್ದಿಡುತ್ತೇನೆಂದು ಮುಂದಾದಳು, ಇಡದೆಯೇ ಗಂಡನ ಹಿಂದೆ ಹೋದಳು. ಲಿಂಗಣ್ಣ ಗಾಜಿನ ಬಾಯಿಗೂ ತಳಕ್ಕೂ ಅಂಗೈ ಹಿಡಿದು, ನೀರು ಸುರಿಸಿಕೊಳ್ಳುತ್ತ ಹೆಣ್ಣನ್ನು ತಂದು ಅದರ ಶೀಶೆಗೆ ಬಿಟ್ಟ. ಪರಸಿಯ ಮೇಲೆ ಬಿದ್ದ ನೀರನ್ನು ತನ್ನ ಟವೆಲಿನಿಂದಲೇ ಒರೆಸಿದ.

"ಎರಡ ದಿನ ಏನೂ ಹಾಕಬ್ಯಾಡ್ರಿ. ಇಳದ್ರ ಇಳೀತದ," ಅಂದಳು.

ಅವನು ತಲೆಯಾಡಿಸಿದ. ನೆಲ ಒರೆಸುತ್ತಲೇ, "ಈ ಮನ್ಯಾಗ ಏನರ ಒಂದು ಹುಟ್ಟಲಿ ಅಂತ ಅನಸಿತ್ತು," ಅಂದ.

"ಹುಟ್ಟಿದ್ದಕ್ಕೆಲ್ಲ ಒಂದೊಂದು ಶೀಶೆ ಹುಡಕೋತ ತಿರಗ್ತಿದ್ರಿ."

"ತಿರಗ್ತಿದ್ದೆ."

ಅವಳು ಪ್ಲೇಟುಗಳನ್ನು ಒಂದರ ಮೇಲೊಂದು ಇಟ್ಟಳು. ಆಗ ಲಿಂಗಣ್ಣ ಅಂದ: "ಆವಾಗೂ ನೀ ಹಿಂಗ ಬ್ಯಾಡ ಅಂದಿದ್ರ ಆಗ್ತಿತ್ತು."

"ಯಾವಾಗ?"

"ಶಹಾಪುರದಾಗ. ಪರದಿ ಕೆಳಗ ನಿನ್ನ ಕಾಲು ಕಾಣಾಕತ್ತಿದ್ವು. ಡಾಕ್ಟರಮ್ಮ ಹೇಳೂ ಹೊತ್ತಿನ್ಯಾಗ ನೀ ಪರದಿಗಿ ಹತ್ತಿ ನಿಂತಿದ್ದಿ. ಒಳಗ ಬಂದು ನಿನ್ನ ಮಾರಿ ನೋಡಿದೆ. ನನಗ ಹೇಳಾಕ ಬಾಯಿ ಬರಲಿಲ್ಲ, ಬರೋಬ್ಬರಿ ಅದ ಅಂದೆ. ನೀ ಕೇಳಿದಾಕಿ, ಇಲ್ಲ ಅಂತಿ ಅಂತ ನಿಂತೆ. ನೀ ಹೂಂ ಅಂದಿ." ಅವನು ಟವೆಲು ಹಿಂಡಿದ. "ನೀ ಹೂಂ ಅಂದ ಮ್ಯಾಲ ನಾ ಏನು ಹೇಳ್ಲಿ?"

ಅವಳು ಅವನ ಮುಖ ನೋಡಿದಳು. ಇಷ್ಟು ವರ್ಷ ಇವನೂ ತನ್ನನ್ನು ಹಾಗೇ ನೋಡುತ್ತ ಬಂದಿದ್ದನೆ? ಉಣ್ಣುವ ಬಾಯನ್ನು, ಮಲಗಿದ ಬೆನ್ನನ್ನು? ಆ ಮುಖದಲ್ಲಿ ತನ್ನ ತಿರಸ್ಕಾರದ ಜೋಡಿಯೊಂದು ಎಲ್ಲಾದರೂ ಅಡಗಿದೆಯೇ ಎಂದು ಹುಡುಕಿದಳು. ವಿಭೂತಿ ಬೆವರಿಗೆ ಇಳಿದು ಹುಬ್ಬಿಗೆ ಮೆತ್ತಿತ್ತು. ಬೇರೇನೂ ಸಿಗಲಿಲ್ಲ. ಗೊತ್ತಿದ್ದೂ ಅವನು ಇನ್ನೊಂದು ಹೆಣ್ಣನ್ನು ಒಲ್ಲೆ ಅಂದಿದ್ದ. ಅವಳಿಗೆ ಸಿಟ್ಟು ಬಂತು, ಇಡಲು ಜಾಗವಿಲ್ಲದ ಸಿಟ್ಟು. ಈ ಗಂಡಸು ಹೀಯಾಳಿಸಿಕೊಳ್ಳಲಿಕ್ಕೂ ಪೂರಾ ಬರುವವನಲ್ಲ.

"ಹೊಟ್ಟಿ ಇಳದ ಮ್ಯಾಲ?" ಎಂದು ಕೇಳಿದ ಅವನು. "ಶ್ರಾವಣ ಮುಗದಿಂದ, ಸೊಹೇಲನ ಖಾನಾ ಹಾಕಿ, ಖರೇನ ತತ್ತಿ ಆದ್ರ? ಆವಾಗ ಬಿಡೂಣೇನು?"

"ಬ್ಯಾಡ್ರಿ. ಖರೇನ ಆದ್ರೂ ಬ್ಯಾಡ. ನಮಗ ಮರಿ ಬ್ಯಾಡ. ಇವೆರಡು ಇರ್ಲಿ, ಇದ್ದಷ್ಟು ದಿನ."

ಲಿಂಗಣ್ಣ ಶೀಶೆಯ ಕಡೆ ನೋಡುತ್ತ, "ಹೂಂ," ಅಂದ.

"ಹೂಂ ಅನಬ್ಯಾಡ್ರಿ," ಅಂದಳು ಸೂಗಮ್ಮ. ಅವಳ ದನಿ ತಾನೇ ಗುರುತು ಹಿಡಿಯದಷ್ಟು ಸಣ್ಣದಾಗಿತ್ತು. "ಬಾಯಿ ಬಿಟ್ಟು ಹೇಳ್ರಿ."

ಅವನು ಟವೆಲನ್ನು ಹೆಗಲಿಗೆ ಹಾಕಿಕೊಂಡ. ಒಮ್ಮೆ ಬಾಯಿ ತೆರೆದ, ಆಗಲಿಲ್ಲ. ಗೋಡೆ ಹಿಡಿದು ಎದ್ದು ನಿಂತು, ಅವಳ ಕಡೆ ತಿರುಗಿ ಮತ್ತೆ ತೆರೆದ.

"ಬ್ಯಾಡ," ಅಂದ. "ನಮಗ ಮರಿ ಬ್ಯಾಡ."